ಆಯುಧಪೂಜೆಯ ದಿನ ಸದ್ದಿಲ್ಲದೆ ಇಳಿದ ಕಾರು

ಹೆಸರು ಜಯಶೀಲಾ, ಗಂಡ ಪರಮಶಿವಯ್ಯ, ವಯಸ್ಸು 52 ವರ್ಷ, ಗೃಹಿಣಿ, ವಾಸ ಜಯನಗರ 4ನೇ ಟಿ ಬ್ಲಾಕ್, ಬೆಂಗಳೂರು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಯಜಮಾನರು ಗ್ರಾನೈಟ್ ವ್ಯಾಪಾರಿ. ಹತ್ತು ವರ್ಷ ಒಂದೇ ವಿದೇಶಿ ಕಂಪನಿಯ ಕಾರು ಇಟ್ಟಿದ್ದರು. ಆ ಕಂಪನಿಯನ್ನು ಬೇರೊಂದು ದೊಡ್ಡ ಕಂಪನಿ ಕೊಂಡುಕೊಂಡ ಮೇಲೆ ಬಂದ ಹೊಸ ಮಾದರಿಯನ್ನು ಈ ವರ್ಷ ಜೂನ್‌ನಲ್ಲಿ ತಂದರು. ಕಾರು ಕೊಡುವ ದಿನ ಶೋರೂಮಿನ ಮ್ಯಾನೇಜರು, ಹೆಸರು ಹಳೆಯದೇ ಆದರೂ ಒಳಗಿನ ಸಾಮಾನೆಲ್ಲ ಹೊಸ ಮಾಲೀಕರ ಬೇರೆ ಕಾರುಗಳದ್ದೆಂದೂ, ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ ಈಗ ಕೆಳಗಡೆ ಇದೆಯೆಂದೂ, ಬಾನೆಟ್ ಒಳಗೆ ಪೈಪಿನಿಂದ ನೀರು ಬಿಡಲೇಬಾರದೆಂದೂ ನಮ್ಮಿಬ್ಬರ ಎದುರಿಗೆ ತಿಳಿಸಿದರು. ಯಜಮಾನರು ಹೂಂ ಎಂದರು.

ನಿನ್ನೆ ಆಯುಧಪೂಜೆ. ಬೆಳಿಗ್ಗೆ ಏಳಕ್ಕೆ ಅವರೇ ಬಾನೆಟ್ ಎತ್ತಿ ಪೈಪು ಹಿಡಿದರು. ಡ್ರೈವರ್ ಚನ್ನವೀರ ಬೇಡವೆಂದ. ನಾನೂ ನೆನಪಿಸಿದೆ. "ಹಳೇ ಗಾಡಿಗೆ ಪ್ರತಿ ವರ್ಷ ಸ್ನಾನ ಮಾಡಿಸ್ತಿದ್ವಲ್ಲ, ಏನಾಯ್ತು? ಕೊಳೆ ಗಾಡಿಗೆ ಪೂಜೆ ಮಾಡೋಕಾಗುತ್ತಾ?" ಎಂದರು. ಅವರಿಗೆ ತಾವು ಹೇಳಿದ್ದೇ ವೇದ. ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಳೆಕಂದು ಕಟ್ಟಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯಿತು. ಅವರು ಅಂಗಡಿ ಪೂಜೆಗೆ ಹೋದರು. ನಾನು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೋದೆ.

ವಾಪಸು ಇಳಿಜಾರಿನಲ್ಲಿ ಬರುವಾಗ ಇಂಜಿನ್ ನಿಂತುಹೋಯಿತು. ಎಸಿ ಸದ್ದೂ ನಿಂತಿತು. ಮೊದಲು ನನಗೆ ಹೆದರಿಕೆಯಾಗಲಿಲ್ಲ. ಹೇಳಲು ನಾಚಿಕೆ, ಹಿತವೆನಿಸಿತು. ಗಾಜಿನ ಮೇಲೆ ಮರಗಳ ನೆರಳು ಒಂದೊಂದಾಗಿ ಹಾಯುತ್ತಿತ್ತು, ಹಾರ ನಿಧಾನವಾಗಿ ತೂಗುತ್ತಿತ್ತು, ಎಲ್ಲಿಂದಲೋ ನಾದಸ್ವರ ಕೇಳುತ್ತಿತ್ತು. ತೊಟ್ಟಿಲಲ್ಲಿ ಮಲಗಿದ ಹಾಗಿತ್ತು. ಆಗ ಚನ್ನವೀರ, "ಅಮ್ಮಾರ, ಗಾಡಿ ಮಾತ ಕೇಳವಲ್ದರಿ, ಗಟ್ಟಿ ಹಿಡ್ಕೋರಿ" ಎಂದ. ಇಂಜಿನ್ ನಿಂತಿದ್ದರಿಂದ ಬ್ರೇಕ್ ಗಟ್ಟಿಯಾಗಿತ್ತು, ಎರಡೂ ಕಾಲಿನಿಂದ ತುಳಿದ. ಸ್ಟೀರಿಂಗೂ ಬಿಗಿಯಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆದ. ಆದರೂ ಕಾರು ಸುಮಾರು ಅರವತ್ತು ಅಡಿ ಜಾರಿ, ತಿರುವಿನಲ್ಲಿ ಹೂ ಮಾರುತ್ತಿದ್ದ ಗೋವಿಂದಮ್ಮನ ತಳ್ಳುಗಾಡಿಗೆ ಗುದ್ದಿ ನಿಂತಿತು. ಆಕೆಯ ಬಲಗಾಲು ಮುರಿದಿದೆ. ಚನ್ನವೀರನೇ ಆಕೆಯನ್ನು ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ. ತಾವು ಅವನನ್ನು ಅಲ್ಲಿಂದಲೇ ಕರೆತಂದಿರಿ.

ಚನ್ನವೀರ ನಿದ್ದೆಗಣ್ಣಿನಲ್ಲಿದ್ದನೆಂದು ಯಜಮಾನರು ನಿನ್ನೆ ಸಂಜೆ ಇಲ್ಲಿ ಬರೆಸಿದ್ದಾರೆ. ನನಗೂ ಹಾಗೆಯೇ ಹೇಳಬೇಕೆಂದು, ಇಲ್ಲದಿದ್ದರೆ ಮನೆ ಮರ್ಯಾದೆ ಹೋಗುತ್ತದೆಂದು ತಿಳಿಸಿದ್ದಾರೆ. ಅವನ ಹೆಂಡತಿ ಶರಣಮ್ಮ ಇಂದು ಬೆಳಿಗ್ಗೆ ಬಿಟಿಎಂ ಲೇಔಟಿನಿಂದ ಬಂದು ನಮ್ಮ ಗೇಟಿನ ಹೊರಗೆ ನಿಂತಿದ್ದಳು. ಕರೆದರೂ ಒಳಗೆ ಬರಲಿಲ್ಲ. ಲೈಸೆನ್ಸ್ ಹೋದರೆ ಅವರ ಅನ್ನ ಹೋಗುತ್ತದೆ. ನಾನು ಅಲ್ಲಿಂದ ನೇರ ಇಲ್ಲಿಗೆ ಬಂದೆ.

ಚನ್ನವೀರನ ಕಣ್ಣು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು, ಅವನು ಪೂರ್ತಿ ಎಚ್ಚರವಾಗಿದ್ದ. ಬಾನೆಟ್ಟಿಗೆ ನೀರು ಬಿಟ್ಟವರು ಕಾರಿನಲ್ಲಿರಲಿಲ್ಲ. ನಾನಿದ್ದೆ.

ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಂಡಿದ್ದೇನೆ, ಎಲ್ಲವೂ ನಿಜ. ನಮ್ಮ ಯಜಮಾನರ ಎದುರಿಗೂ ಇದನ್ನೇ ಹೇಳುತ್ತೇನೆ.

ಸ್ಥಳ: ಹನುಮಂತನಗರ
ದಿನಾಂಕ: 23-10-2004
ಸಹಿ: ಜಯಶೀಲಾ