ಮನೇಲಿ ಎಷ್ಟು ಜನ?

ಯುದ್ಧ ಮುಗಿದ ಮರುವರ್ಷ, ದೊಡ್ಡಬಳ್ಳಾಪುರದ ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನೇಕಾರರ ಮನೆಯ ಅತ್ತೆ ಸೊಸೆ ನಿಂತಿದ್ದರು.

"ಮಗ್ಗ ಎಷ್ಟು ದಿನ ಅಂತ ಹಂಗೇ ಬಿದ್ದಿರ್ಬೇಕು? ನಾಳೆ ಆಚೆಮನೆ ಬೈರಪ್ಪನ್ನ ಕೂರಿಸ್ತೀನಿ."

"ಬ್ಯಾಡ ಅತ್ತೆ. ಅದರಲ್ಲಿರೋದು ಅವರು ಅರ್ಧ ನೇಯ್ದಿಟ್ಟು ಹೋದ ಸೀರೆ. ಬಂದು ಅವರೇ ಮುಗಿಸ್ತಾರೆ."

"ಬದುಕಿದ್ದಿದ್ರೆ ಇಷ್ಟೊತ್ತಿಗೆ ಬರ್ತಿರ್ಲಿಲ್ವೇನೇ? ಬರ್ಮಾಕ್ಕೆ ಹೋದವರೆಲ್ಲ ಬಂದ್ರು."

"ಏನಾದ್ರೂ ಆಗಿದ್ದಿದ್ರೆ ಸರ್ಕಾರದವರು ತಿಳಿಸ್ತಿರ್ಲಿಲ್ವಾ?"

"ಅಬ್ಬಾ, ವಕೀಲರ ಮನೇಲಿ ಹುಟ್ಟಬೇಕಿತ್ತು ನೀನು!"

ಸೊಸೆ ನಗಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಸರಿದಾಗ ಅತ್ತೆಯೇ ಮೆಲ್ಲಗೆ ಕೇಳಿದಳು.

"ಹಂಗಾದ್ರೆ ಯಾಕೆ ಬರ್ಲಿಲ್ಲ, ಹೇಳು ತಾಯಿ?"

ಅದುವರೆಗೆ ಇಬ್ಬರೂ ಕೇಳಿದ್ದು ಉತ್ತರ ಬೇಡದ ಪ್ರಶ್ನೆಗಳು. ಇದಕ್ಕೆ ಉತ್ತರ ಬೇಕಿತ್ತು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವರ ಸರದಿ ಬಂತು. ಗುಮಾಸ್ತ ತಲೆಯೆತ್ತದೆ ಕೇಳಿದ.

"ಮನೇಲಿ ಎಷ್ಟು ಜನ?"

"ಮೂರು, ಸ್ವಾಮಿ," ಎಂದಳು ಅತ್ತೆ. "ಮಗ ಊರಲ್ಲಿಲ್ಲ. ಬರ್ತಾನೆ."

ರಾಗಿ ಚೀಲವನ್ನು ಸೊಸೆಯ ತಲೆಗೆ ಹೊರಿಸಿ, "ಮಗ್ಗ ಹಂಗೇ ಇರ್ಲಿ ಬಿಡೇ" ಎನ್ನುತ್ತ ಅವಳ ಹಿಂದೆ ನಡೆದಳು.

ಗುಮಾಸ್ತ ನನ್ನನ್ನೂ ಅದನ್ನೇ ಕೇಳಿದ. ಹೋದ ಕಾರ್ತಿಕದಲ್ಲಿ ಹೆಂಡತಿ ತೀರಿಕೊಳ್ಳುವವರೆಗೆ ಇಬ್ಬರು ಎನ್ನುತ್ತಿದ್ದೆ. ದೇವರನ್ನು ನೆನೆದು, "ಒಬ್ಬನೇ" ಎಂದೆ.