ಅಲಂಕಾರದ ಗೆಣಸು

ಅಕ್ಟೋಬರಿನ ಬೆಳಿಗ್ಗೆ ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಉಡುಪಿ ಕಡೆಯ ಇಬ್ಬರು ಹೆಂಗಸರು ನಿಂತಿದ್ದರು.

“ಲೋಲಾಕ್ಷಿಯಕ್ಕ, ಬಾಲ್ಕನಿಯ ಗೆಣಸಿನ ಬಳ್ಳಿ ಪುನಃ ನೆಟ್ಟಾಯ್ತಾ?”

“ಎಲ್ಲಿಯ ಬಳ್ಳಿ ಯಶ್ಮಿತಾ! ಬೇಸಿಗೆಯಲ್ಲಿ ಸುಟ್ಟುಹೋಗಬಾರದೂಂತ ಗಡ್ಡೆ ಕಿತ್ತು, ನಾಲ್ಕು ತಿಂಗಳು ಮಂಚದಡಿ ಮರಳಿನಲ್ಲಿ ಇಟ್ಟಿದ್ದೆ. ನಿನ್ನೆ ಅತ್ತೆ ಬೇಯಿಸಿದ್ರು.”

“ಅಯ್ಯೋ! ಅದು ಚಂದಕ್ಕೆ ಬೆಳೆಸುವುದಲ್ವಾ?”

“ಸೊಸೆ ಅಡಗಿಸಿಟ್ಟು ಒಬ್ಬಳೇ ತಿಂತಾಳೆ ಅಂತ ಅವರ ಸಂಶಯ. ತಿಂದರೆ ಸಾಯುವುದಿಲ್ಲ, ಬರೀ ಕಹಿ.”

“ಭಾವ ಏನೂ ಹೇಳ್ಲಿಲ್ವಾ?”

“ಹೇಳಿದ್ರಲ್ಲ! ‘ಅಮ್ಮನ ಕೈರುಚಿಯೇ ಬೇರೆ’ ಅಂತ ಇನ್ನೊಮ್ಮೆ ಹಾಕಿಸಿಕೊಂಡ್ರು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ ನನ್ನ ತವರಿಗೇ ಫೋನ್ ಹೋಗ್ತದೆ.”

“ನೀವೂ ತಿಂದ್ರಾ?”

“ತಿಂದೆ ಮಾರಾಯ್ತಿ. ಪ್ರೀತಿಯಿಂದ ಬೆಲ್ಲ ಹಾಕಿ ಕೊಟ್ಟಿದ್ರು.”

“ಒಂದೂ ಉಳೀಲಿಲ್ವಾ?”

“ಒಂದುಂಟು, ಈ ಬ್ಯಾಗಿನಲ್ಲಿ. ಆಫೀಸಿನ ಕಿಟಕಿ ಹತ್ತಿರ ನೆಡ್ತೇನೆ.”

“ಮನೆಯಲ್ಲೇ ನೆಡಬಹುದಿತ್ತಲ್ಲ?”

“ಚಿಗುರಿದರೆ ಪಲ್ಯ ಮಾಡ್ತಾರೆ. ಅವರ ವಿಸಿಟ್ ವೀಸಾ ಇನ್ನೂ ಒಂದು ತಿಂಗಳುಂಟು.”

ಬಸ್ ಬಂತು. ಲೋಲಾಕ್ಷಿ ಬ್ಯಾಗನ್ನು ಕೂಸಿನ ಹಾಗೆ ಎದೆಗವಚಿಕೊಂಡು ಹತ್ತಿದರು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು.