ಮಠದ ಮೆಟ್ಟಿಲ ಮೇಲೆ ಮಾದೇವಿಗೆ ಹೇಳಿದ ಮಾತು

ಹತ್ತಿದ್ದಕ್ಕೆ ಅಲ್ಲ ಮಾರಾಯ್ತಿ, ಇಳಿದಿದ್ದಕ್ಕೆ ಕಾಲು ಹೀಂಗೆ ಊದಿದ್ದು. ಹತ್ತೂವಾಗ ಉಸಿರು ಕಟ್ತದೆ ಅಷ್ಟೇ, ಇಳಿಯೂವಾಗ ಇಡೀ ಮೈ ಭಾರ ಮೊಣಕಾಲಿಗೆ ಬೀಳ್ತದೆ. ಎಣ್ಣೆ ಮೆಲ್ಲ ತಿಕ್ಕು, ಗಟ್ಟಿ ಬೇಡ. ಹಾಂ, ಅಲ್ಲೇ. ಈ ವಯಸ್ಸಲ್ಲಿ ಆ ಘಟ್ಟದ ಮೇಲಿನ ಮಠಕ್ಕೆ ಎಂತಕ್ಕೆ ಹೋದೆ ಅಜ್ಜಿ ಹೇಳಿ ನೀವೆಲ್ಲ ಕೇಳ್ತ್ರಿ, ನಿಮ್ಮ ಅಪ್ಪನಂತೂ ಬೈದದ್ದೇ ಬೈದದ್ದು. ಹೋಗೂಕೆ ಇತ್ತು, ಹೋದೆ. ಮೊನ್ನೆಯ ಹರಕೆ ಅಲ್ಲ ಅದು, ನಿಮ್ಮ ಅಪ್ಪ ಆರು ತಿಂಗಳ ಕೂಸು ಇದ್ದಾಗಿಂದು.

ಆಗ ಬೆಳಕೆ ಊರಲ್ಲಿ ನಮ್ಮದೊಂದು ದೋಣಿ ಇತ್ತು. ನಮ್ಮದು ಅಂದ್ರೆ ನಿಮ್ಮ ಅಜ್ಜಂದು ಮತ್ತೆ ಅಜ್ಜನ ಅಣ್ಣಂದು, ಇಬ್ಬರಿಗೂ ಸೇರಿದ್ದು. ಆ ಅಣ್ಣನ ಹೆಂಡತಿನೇ ಆಚೆಮನೆ ಮಾದೇವಿ, ನೀವು ದೊಡ್ಡಜ್ಜಿ ಹೇಳ್ತ್ರಲ್ಲ, ಅವಳೇ. ಅವಳಿಗೆ ಮಕ್ಕಳಾಗಿರ್ಲಿಲ್ಲ. ಮಳೆಗಾಲ ಇನ್ನೂ ಪೂರ್ತಿ ಮುಗಿದಿರ್ಲಿಲ್ಲ, ಮನೇಲಿ ಅಕ್ಕಿ ತಳ ಕಂಡಿತ್ತು, ಎರಡು ದಿವ್ಸ ಬಿಸಿಲು ಬಿತ್ತಲ್ಲ, ಆತು, ಹೋಗುವ ಹೇಳಿ ಅಣ್ಣ ತಮ್ಮ ಇಬ್ಬರೇ ಹೋದ್ರು. ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಸಂಜೆಗೆ ಬರ್ಲಿಲ್ಲ, ಮಾರನೇ ದಿವ್ಸ ಬರ್ಲಿಲ್ಲ. ನಾನೂ ಮಾದೇವಿನೂ ದಡದಲ್ಲೇ ಕೂತಿದ್ದು, ಕೂಸು ನನ್ನ ಮಡಿಲಲ್ಲಿ. ಅಲ್ಲಿಂದ ಪೂರ್ವಕ್ಕೆ ತಿರುಗಿದ್ರೆ ಮಠದ ಗುಡ್ಡದ ತುದಿ ಕಾಣ್ತದಲ್ಲ, ಹಿಂದಿನವರು ಸಮುದ್ರದಲ್ಲಿ ಅದನ್ನೇ ನೋಡ್ಕಂಡು ಊರಿನ ಗುರ್ತು ಹಿಡೀತಿದ್ರು. ನಾ ಎದ್ದು ನಿಂತು ಗುಡ್ಡಕ್ಕೆ ಕೈ ಮುಗ್ದು ದೊಡ್ಡಕೆ ಕೂಗ್ದೆ, ಸ್ವಾಮೀ, ನನ್ನ ಗಂಡ ತಿರುಗಿ ಬಂದ್ರೆ ಬರಿಗಾಲಲ್ಲಿ ನಿನ್ನ ಮೆಟ್ಟಿಲು ಹತ್ತಿ ಬರ್ತೆ ಹೇಳಿ. ಮಾದೇವಿನೂ ಕೈ ಮುಗಿದ್ಳು. ಅವಳು ಬಾಯಿ ಬಿಟ್ಟು ಎಂತದೂ ಹೇಳ್ಲಿಲ್ಲ.

ಮೂರನೇ ದಿವ್ಸ ಹೊನ್ನಾವರ ಕಡೆಯ ಬೋಟಿನವರು ನಿಮ್ಮ ಅಜ್ಜನ್ನ ತಂದು ಬಿಟ್ರು. ತುಟಿಯೆಲ್ಲ ಒಡೆದು, ಕಣ್ಣು ಬಾತು, ಡೀಸೆಲಿನ ಒಂದು ಖಾಲಿ ಕ್ಯಾನು ಎದೆಗೆ ಅವಚ್ಕಂಡು ತೇಲ್ತಾ ಇದ್ನಂತೆ. ಅವ ಒಬ್ಬನೇ. ಮಾದೇವಿ ಕ್ಯಾನು ನೋಡಿದ್ಳು, ಅವನ್ನ ನೋಡಿದ್ಳು, ಎದ್ದು ಒಳಗೆ ಹೋದ್ಳು. ದೋಣೀಲಿ ಇದ್ದದ್ದು ಒಂದೇ ಕ್ಯಾನು, ಅದು ಅವಳಿಗೂ ಗೊತ್ತಿತ್ತು.

ನಿಮ್ಮ ಅಜ್ಜ ಒಂದು ವಾರ ಚಾಪೆಯಿಂದ ಏಳ್ಲಿಲ್ಲ. ಎಂಟನೇ ದಿವ್ಸ, ಅಲ್ಲ, ಒಂಬತ್ತನೇ ದಿವ್ಸ ಇರ್ಬೇಕು, ಗಂಜಿ ಉಣ್ಣೂವಾಗ ಬಟ್ಟಲು ಕೆಳಗಿಟ್ಟು ಹೇಳ್ದ, "ಕ್ಯಾನು ಅಣ್ಣನ ಕೈಲಿತ್ತು. ಅವನೇ ನನ್ನ ಕೈಗೆ ತುರುಕ್ದ, ನಿಂಗೆ ಕೂಸಿದೆ ಹೇಳಿ." ಆಮೇಲೆ ಅತ್ತ. "ಅತ್ತಿಗೆಗೆ ಹೇಳ್ಬೇಡ, ನಿನ್ನ ಕೂಸಿಗೋಸ್ಕರ ನನ್ನ ಗಂಡ ಸತ್ತ ಹೇಳಿ ಆಗ್ತದೆ" ಅಂದ. ನಾ ಹೂಂ ಅಂದೆ. ಹೂಂ ಅಂದದ್ದು ಹಾಂಗೇ ಉಳೀತು ನೋಡಿ. ದೋಣಿ ಹೋಯ್ತು, ಅವ ಕಂಡವರ ಬೋಟಿಗೆ ಕೆಲ್ಸಕ್ಕೆ ಹೋದ, ನಾ ತಲೆ ಮೇಲೆ ಬುಟ್ಟಿ ಹೊತ್ತೆ. ಮಾದೇವಿನೂ ಹೊತ್ಲು. ಬೆಳಗಾಗ್ತಾ ನಡ್ಕಂಡು ಭಟ್ಕಳ ಪೇಟೆಗೆ ಹೋಗೂದು, ಅಲ್ಲಿ ಮೀನು ಉಳಿದ್ರೆ ಶಿರಾಲಿವರೆಗೂ ಮನೆ ಮನೆ ತಿರುಗೂದು, ಕಾಲಡಿ ಟಾರು ಕಾದು ಅಂಟ್ತಿತ್ತು. ಒಂದೇ ರಸ್ತೆ, ಒಂದೇ ಸಾಲಲ್ಲಿ ಕೂತು ಮಾರೂದು. ನಮ್ಮೊಳಗೆ ಮಾತೇ ಇಲ್ಲ ಹೇಳಿ ಅಲ್ಲ, ಉಪ್ಪಿದ್ಯಾ, ಮಳೆ ಬಂತು, ಬಟ್ಟೆ ತೆಗಿ, ಅಷ್ಟೇ. ಹರಕೆ ತೀರಿಸೂಕೆ ನನ್ನಿಂದ ಆಗ್ಲಿಲ್ಲ. ನನ್ನ ಗಂಡ ಬಂದ ಸ್ವಾಮೀ ಹೇಳಿ ಹಣ್ಣುಕಾಯಿ ಹಿಡ್ಕಂಡು ಅವಳ ಅಂಗಳ ದಾಟಿ ಹ್ಯಾಂಗೆ ಹೋಗೂದು? ನಿಮ್ಮ ಅಜ್ಜ ಹೋಗಿ ಮೂರು ಮಳೆಗಾಲ ಆಯ್ತಲ್ಲ, ಆವತ್ತೂ ಅವಳು ಅಂಗಳದಲ್ಲೇ ನಿಂತಿದ್ಳು, ಒಳಗೆ ಬರ್ಲಿಲ್ಲ.

ಅಂಥವಳು ಹೋದ ವಾರ ಬೇಲಿ ಹತ್ರ ಬಂದು, "ದುರ್ಗಿ, ಹೆಂಗಸರಿಗೆ ಬಸ್ಸು ಫುಕಟ್ಟೆ ಆಗಿದೆ. ನಿಂದೊಂದು ಹರಕೆ ಬಾಕಿ ಇತ್ತಲ್ಲ, ಹೋಗುವ" ಅಂದ್ಳು. "ನಿಂಗೆ ನೆನಪಿದ್ಯಾ?" ಕೇಳ್ದೆ. "ಎಂತಕ್ಕೆ ನೆನಪಿಲ್ಲ? ನಾನೂ ಅದನ್ನೇ ಹೇಳ್ಕಂಡಿದ್ದೆ. ನಂಗೆ ತೀರಿಸೂ ಕೆಲ್ಸ ಬರ್ಲಿಲ್ಲ, ಅಷ್ಟೇ."

ಹೊರಟ ದಿವ್ಸ ಬೆಳಿಗ್ಗೆ ಮೊದಲ ಬಸ್ಸಿಗೆ ಆಧಾರ್ ಕಾರ್ಡ್ ತೋರ್ಸಿ ಹತ್ತಿದ್ದು. ಘಟ್ಟದ ತಿರುವಲ್ಲಿ ನಂಗೆ ಎರಡು ಸಲ ವಾಂತಿ ಆಯ್ತು, ಮಾದೇವಿ ಲಿಂಬೆಹಣ್ಣು ಮೂಗಿಗೆ ಹಿಡಿದ್ಳು. ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತೂಕೆ ಶುರು ಮಾಡಿದ್ದು. ರಾಜರ ಕಾಲದ ಮೆಟ್ಟಿಲಂತೆ, ಜನ ಹತ್ತಿ ಹತ್ತಿ ಕಲ್ಲಿನ ನಡು ತಗ್ಗಾಗಿ ಹೋಗಿದೆ. ಹರೇದ ಹುಡುಗ್ರು ಮೊಬೈಲು ಹಿಡ್ಕಂಡು ಓಡ್ತಾ ಹತ್ತೂದು, ನಾವಿಬ್ರು ಹತ್ತು ಮೆಟ್ಟಿಲಿಗೊಮ್ಮೆ ಕೂರೂದು. ಅರ್ಧದಲ್ಲೊಂದು ಕಲ್ಲಿನ ಮಂಟಪ ಇದೆ. ಅಲ್ಲಿ ನನ್ನ ಮೊಣಕಾಲು ಆಗೂದಿಲ್ಲ ಹೇಳ್ತು. ಮಾದೇವಿ ನೀರು ಕೊಟ್ಲು. ಕುಡ್ದೆ. ಎಂತಾಯ್ತೋ ಏನೋ, ಸುಸ್ತಾದಾಗ ಬಾಯಿಗೆ ಬೀಗ ಇರೂದಿಲ್ಲ ಕಾಣ್ತದೆ, ಎಲ್ಲ ಹೇಳ್ಬಿಟ್ಟೆ.

ಅವಳು ಬಾಟ್ಲಿ ಮುಚ್ಚಳ ತಿರುಗಿಸ್ತಾ ಕೇಳಿದ್ಳು. "ಅವನೇ ಕೊಟ್ಟದ್ದಾ?"

"ಹೌದು."

"ಕಸ್ಕಂಡದ್ದಲ್ವಾ?"

"ಅಲ್ಲ ಮಾದೇವಿ. ಕೂಸಿನ ಆಣೆ. ಕೊಟ್ಟವ್ನೇ, ಮಾದೇವಿಗೆ ಹೇಳು ಅಂದ್ನಂತೆ. ಎಂತ ಹೇಳ್ಬೇಕು ಅನ್ನೂದ್ರೊಳಗೆ ತೆರೆ ಬಂತಂತೆ."

ಅವಳು ಅಳ್ತಾಳೆ ಅಂದ್ಕಂಡಿದ್ದೆ. ಅಳ್ಲಿಲ್ಲ. ನನ್ನ ಮುಖ ನೋಡಿ ಮೆಲ್ಲ, ಬಹಳ ಮೆಲ್ಲ ಹೇಳಿದ್ಳು, "ಇಷ್ಟು ವರ್ಷ ನಿನ್ನ ಗಂಡ ಕಸ್ಕಂಡ ಹೇಳಿ ತಿಳ್ಕಂಡಿದ್ದೆ ನಾನು. ದಿವ್ಸಾ ಬೈದೆ ಅವಂಗೆ, ಮನಸ್ಸಲ್ಲೇ. ಅವ ಸಾಯೂವಾಗ ಬಾಯಿಗೆ ಒಂದು ಹನಿ ನೀರು ಬಿಡೂಕೆ ಬರ್ಲಿಲ್ಲ. ನೀ ಆವತ್ತೇ ಹೇಳಿದ್ರೆ ನನ್ನ ಗಂಡ ಹ್ಯಾಂಗೆ ಹೋದ ಹೇಳಿ ನಾ ತಲೆ ಎತ್ಕಂಡು ಇರ್ತಿದ್ದೆ. ಅದನ್ನೂ ನೀನೇ ಇಟ್ಕಂಡ್ಯಾ ದುರ್ಗಿ?"

ಅಷ್ಟು ಹೇಳಿ ಎದ್ದು ಹತ್ತೂಕೆ ಹೋದ್ಳು. ತಿರುಗಿ ನೋಡ್ಲಿಲ್ಲ. ನಾ ಅಲ್ಲೇ. ಕೆಳಗೆ ಇಳಿದು ಹೋಗುವ ಅಂತ ಒಂದು ಸಲ, ಇಲ್ಲ, ಹತ್ತುವ ಅಂತ ಒಂದು ಸಲ. ಕೊನೆಗೆ ಮೆಟ್ಟಿಲ ಮೇಲೆ ಕೂತ್ಕಂಡೇ, ಬೆನ್ನು ಹಿಂದೆ ಮಾಡಿ, ಎರಡೂ ಕೈ ಊರಿ ಒಂದೊಂದೇ ಮೆಟ್ಟಿಲು ಮೇಲೆ ಸರ್ದೆ. ನಗೂದು ಬೇಡ, ಹಾಂಗೇ ಹತ್ತಿದ್ದು. ನೋಡಿದವರೊಬ್ಬರು "ಅಮ್ಮಾ, ಕೆಳಗೆ ಡೋಲಿ ಸಿಗ್ತದೆ" ಅಂದ್ರು. ಹರಕೆಗೆ ಡೋಲಿ ಎಂತದು? ಅಂಗೈ ಸಿಪ್ಪೆ ಎದ್ದು ಹೋಯ್ತು.

ಮೇಲೆ ಮುಟ್ಟೂವಾಗ ಮಠದ ಊಟದ ಕೊನೇ ಪಂಕ್ತಿ ಕೂತಾಗಿತ್ತು. ಹೊಗೆ ಹಿಡಿದು ಕಪ್ಪಾದ ದಪ್ಪ ದಪ್ಪ ಕಂಬ, ಒಳಗೆ ಹಳೇ ಸ್ವಾಮಿಗಳ ಸಮಾಧಿ, ಒಂದೇ ದೀಪ. ಹೊಸ್ತಿಲಿಗೆ ಹಣೆ ಹಚ್ಚಿದೆ. ಬೇಡೂದು ಎಂತದೂ ನೆನಪಾಗ್ಲಿಲ್ಲ. ಪಂಕ್ತಿಯ ತುದೀಲಿ ಮಾದೇವಿ ಕೂತಿದ್ಳು. ಅವಳ ಬದಿಗೆ ಒಂದು ಎಲೆ, ಮೇಲೆ ಅವಳ ಚೀಲ. ಬಡಿಸೂವವ ಬಂದು, "ಯಾರೂ ಇಲ್ವಲ್ಲ ಅಮ್ಮಾ, ಎಲೆ ತೆಗೀಲಾ?" ಕೇಳ್ದ. "ಬರ್ತಾಳೆ, ಬಡ್ಸು" ಅಂದ್ಳು. ನಾ ಹೋಗಿ ಕೂತೆ. ಅವಳು ನನ್ನ ಕೈ ನೋಡಿದ್ಳು, "ತೊಳ್ಕಂಡು ಬಾ, ಸಾರು ಖಾರ ಇದೆ, ಉರೀತದೆ. ಬಸ್ಸು ತಪ್ಪಿದ್ರೆ ಮತ್ತೆ ಇಲ್ಲ" ಅಂದ್ಳು, ಅಷ್ಟೇ. ಇಳಿಯೂವಾಗ ಅವಳು ಒಂದು ಮೆಟ್ಟಿಲು ಮುಂದೆ, ನಾ ಅವಳ ಹೆಗಲು ಹಿಡ್ಕಂಡು ಹಿಂದೆ.

ಕ್ಷಮಿಸಿದ್ಳಾ ಹೇಳಿ ಕೇಳ್ಬೇಡಿ, ನಂಗೆ ಗೊತ್ತಿಲ್ಲ. ನಾನೂ ಕೇಳ್ಲಿಲ್ಲ, ಕೇಳೂ ಮುಖ ಇಲ್ಲ. ಮಾರನೇ ಬೆಳಿಗ್ಗೆ ಬಂದು ನಮ್ಮ ಒಳಜಗಲೀಲಿ ಕೂತು, "ಇನ್ನೊಮ್ಮೆ ಹೇಳು, ಕ್ಯಾನು ಕೊಡೂವಾಗ ಅವ ಎಂತ ಅಂದ?" ಕೇಳಿದ್ಳು. ಹೇಳ್ದೆ. ನಿನ್ನೆನೂ ಬಂದ್ಳು, ಇವತ್ತೂ ಬಂದ್ಳು. ದಿವ್ಸಾ ಕೇಳ್ತಾಳೆ, ದಿವ್ಸಾ ಹೇಳ್ತೆ. ನಂಗೆ ಆಯಾಸ ಆಗ್ತದೆ, ಆದ್ರೆ ಹೇಳ್ತೆ. ಮೀನಾದ್ರೆ ಒಂದು ದಿವ್ಸ ಹೆಚ್ಚು ಇಟ್ರೆ ನಾತ ಹೊಡೆದು ತಾನೇ ಹೇಳ್ತದೆ, ಮಾತು ಹಾಂಗಲ್ಲ, ಸುಮ್ನೆ ಬಿದ್ದಿರ್ತದೆ. ಮತ್ತೊಬ್ಬರಿಗೆ ಸೇರಿದ ಮಾತು ನಿಮ್ಮ ಹತ್ರ ಇದ್ರೆ ಇವತ್ತೇ ಹೋಗಿ ಕೊಟ್ಟು ಬನ್ನಿ, ಬೈಸ್ಕಂಡ್ರೂ ಅಡ್ಡಿಲ್ಲ.